ಗಿರಣಿ ಎಂಬ ನಂಬರು

ಸಂತಪುರದ ಪಕ್ಕದ ನಮ್ಮೂರಿನಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದ ಕಾಲದಲ್ಲಿ, ಊರ ಹೆಂಗಸರ ಫೋನುಗಳಲ್ಲಿ ನಮ್ಮ ಮಹಿಳಾ ಸಂಘದ ನಂಬರು ‘ಗಿರಣಿ’ ಎಂಬ ಹೆಸರಿನಲ್ಲಿ ಇರುತ್ತಿತ್ತು. ಕರೆಂಟು ಯಾವಾಗ ಇರುತ್ತದೋ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರು. ಜೋಳ ಹೊತ್ತುಕೊಂಡು ಹೋಗುವ ಮೊದಲು ಗಿರಣಿಗೆ ಫೋನು ಹಚ್ಚಿ ಕೇಳುವುದು ಎಲ್ಲರ ರೂಢಿ. ಹೆಂಡತಿಯ ಫೋನು ತಡಕಾಡುವ ಗಂಡಸು ಎಷ್ಟೇ ಚುರುಕಾಗಿದ್ದರೂ ಗಿರಣಿಯನ್ನು ಅನುಮಾನಿಸುವುದಿಲ್ಲ ಎಂದು ನಾವೇ ಕೂತು ಹೂಡಿದ ಉಪಾಯ ಅದು.

ಸಂಘದ ಆ ಬಟನ್ ಫೋನು ವಾರಕ್ಕೊಬ್ಬರ ಮನೆಯಂತೆ ಪಾಳಿಯಲ್ಲಿ ತಿರುಗುತ್ತಿತ್ತು. ಗಂಡ ಕೈ ಎತ್ತಿದನೆಂದು ಯಾರದ್ದಾದರೂ ಮಿಸ್ಡ್ ಕಾಲ್ ಬಂದರೆ ಐದಾರು ಜನ ಅವಳ ಮನೆಗೆ ನುಗ್ಗುತ್ತಿದ್ದೆವು. ಒಬ್ಬಳು ಜರಡಿ ಕೇಳುವವಳು, ಇನ್ನೊಬ್ಬಳು ಮಜ್ಜಿಗೆಗೆ ಬಂದವಳು. ಬಂದವರು ಏಳುತ್ತಲೇ ಇರಲಿಲ್ಲ. ಎತ್ತಿದ ಕೈ ಇಳಿಯುವ ತನಕ ಅಡಕೆ ಕತ್ತರಿಸುತ್ತ ಕೂತುಬಿಡುವುದೇ ನಮ್ಮ ಕಾಯಿದೆ.

ಭಾಲ್ಕಿಯ ನನ್ನ ತವರಿನಲ್ಲಿ ಅವ್ವ ಏಟು ತಿನ್ನುವಾಗ ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನುವ ಗಾದೆ ಎಲ್ಲರ ಬಾಯಲ್ಲೂ ತಯಾರಿರುತ್ತಿತ್ತು. ಆ ಗಾದೆ ಕಟ್ಟಿದವನು ಏಟು ತಿಂದವನಂತೂ ಅಲ್ಲ. ಬರದ ವರ್ಷ ಉಣ್ಣುವುದಕ್ಕೇ ಇಲ್ಲದಿದ್ದಾಗ ಜಗಳ ಮುಗಿಯುವುದು ಯಾವಾಗ ಎಂದು ಅವನನ್ನೇ ಕೇಳಬೇಕು.

ಅಂಥ ಬರದ ವರ್ಷವೇ ಬಂತು. ಅರ್ಧ ಊರು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟಿತು. ಕುರಿ ಸಾಕುವ ಮನೆಯ ಒಬ್ಬ ಸೊಸೆಯೂ ಗಂಡ ಮತ್ತು ಎರಡು ವರ್ಷದ ಮಗಳೊಂದಿಗೆ ಹೊರಟಳು. ನಮಗೆ ಅತಿ ಹೆಚ್ಚು ಮಿಸ್ಡ್ ಕಾಲ್ ಬರುತ್ತಿದ್ದುದು ಅವಳಿಂದಲೇ. ಮಗುವಿನ ಲಸಿಕೆಗೆ ಬೇಕಾಗುತ್ತದೆಂದು, ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ನಂಬರನ್ನು ನನ್ನ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಅವಳಿಗೆ, “ಏನಾದ್ರೂ ಆದ್ರ ಗಿರಣಿಗಿ ಹಚ್ಚವ್ವಾ” ಅಂದೆ. ಹೈದರಾಬಾದಿಗೆ ಹೋಗಿ ಜರಡಿ ಕೇಳುವವರು ಯಾರು? ನನ್ನ ದಡ್ಡ ತಲೆಗೆ ಅದು ಹೊಳೆಯಲಿಲ್ಲ.

ಪಾಳಿ ನನ್ನದಿದ್ದ ಒಂದು ಮಧ್ಯಾಹ್ನ ಅವಳ ನಂಬರಿನಿಂದ ಫೋನು ಬಂತು. ರಿಂಗು ನಿಲ್ಲಲಿಲ್ಲ. ಎತ್ತಿದರೆ ಅವಳ ಗಂಡ.

“ಇಲ್ಲಿ ನಾವು ಪಾಕೀಟಿನ ಹಿಟ್ಟು ತರ್ತೇವಿ. ಹೈದರಾಬಾದದಾಗ ಕೂತು ಈಕಿ ಊರ ಗಿರಣಿಗಿ ಯಾಕ ಫೋನ್ ಹಚ್ಚತಾಳ? ಯಾರ್ ನೀ?”

ಹಿಂದಿನಿಂದ ಅವಳ ಅಳು ಕೇಳಿಸುತ್ತಿತ್ತು. ನನ್ನ ಜಾಣತನವೇ ಅವಳನ್ನು ಹಿಡಿದುಕೊಟ್ಟಿತ್ತು. ನಾಚಿಕೆಯಾಯಿತು. ಆಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

“ನಾ ಅಂಗನವಾಡಿ ಅಕ್ಕ. ಇನ್ನ ಮ್ಯಾಲ ದಿನಾ ಸಂಜಿಗಿ ಆಕಿ ಮಿಸ್ಡ್ ಕಾಲ್ ಬರಬೇಕು. ಬಂತು, ಆಕಿ ಚೆಂದ ಇದ್ದಾಳ ಅಂತ ತಿಳೀತೇವಿ. ಒಂದ್ ದಿನ ಬರ್ಲಿಲ್ಲ, ಮುಕಾದಮಗ ಹಚ್ಚತೇವಿ, ಪೊಲೀಸರಿಗೂ ಹಚ್ಚತೇವಿ” ಅಂದೆ.

ಎಂಟು ಸಂಜೆ ಫೋನು ಒಂದು ರಿಂಗಾಗಿ ನಿಂತಿತು. ಒಂಬತ್ತನೆಯ ಸಂಜೆ ಸುತ್ತಲೂ ಕೂತು ಕಾದೆವು. ಬರಲಿಲ್ಲ. ಮುಕಾದಮನಿಗೆ ಹಚ್ಚಿದೆ.

“ಗಂಡ ಹೆಂಡಿರ ಜಗಳ, ನಮಗ್ಯಾಕ್ರಿ ಅಕ್ಕಾರ?” ಅಂದ.

“ಪೊಲೀಸರು ನಿಮ್ಮ ಸೈಟಿಗೇ ಬರ್ತಾರ್ರಿ. ಅವರಿಗೂ ಇದೇ ಹೇಳ್ರಿ” ಅಂದೆ.

ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಹಚ್ಚಿದ. ಗಂಡ ಅವಳ ಫೋನನ್ನು ಕಲ್ಲಿಗೆ ಬಡಿದಿದ್ದ, ಅವಳ ಕೈ ಮುರಿದಿದ್ದ. ಮುಕಾದಮ ತನ್ನ ಹೆಂಡತಿಯನ್ನು ಅವಳ ಹತ್ತಿರ ಕೂರಿಸಿದ್ದನಂತೆ. ಬೆಳಿಗ್ಗೆ ನಾನೂ ಸಂಘದ ಇನ್ನೊಬ್ಬಳೂ ಬೀದರಿಗೆ ಹೋಗಿ ಹೈದರಾಬಾದಿನ ಬಸ್ಸು ಹತ್ತಿದೆವು. ತಾಯಿ ಮಗಳನ್ನು ಕರೆತಂದೆವು. ಬೀದರಿನಲ್ಲಿ ಅವಳ ಕೈಗೆ ಪ್ಲಾಸ್ಟರ್ ಹಾಕಿಸಿ, ಔರಾದಿನ ಠಾಣೆಯಲ್ಲಿ ದೂರು ಬರೆಸಿದೆವು.

ಪ್ಲಾಸ್ಟರ್ ಬಿಚ್ಚಿದ ವಾರ ಅವಳು ಫೋನಿನ ಪಾಳಿ ಕೇಳಿದಳು. ನಂಬರು ಗಂಡನಿಗೆ ಗೊತ್ತಾಗಿದೆ, ಮೊದಲು ಅದನ್ನು ಬದಲಿಸೋಣ ಅಂದೆ.

“ಎಷ್ಟ್ ಮಂದಿಗಿ ಬಾಯಿಪಾಠ ಅದ ಅಕ್ಕಾ ಆ ನಂಬರ್. ಅಂವಗ ಅಂಜಿ ಅವರಿಗೆಲ್ಲಾ ಬಾಗಿಲಾ ಹಾಕಬೇಕೇನು?”

ಫೋನು ಕೊಟ್ಟೆ.

ಮೂರನೆಯ ದಿನ ನಾವೆಲ್ಲ ಅವಳು ಬೇರೆ ಹಿಡಿದಿದ್ದ ಮನೆಯ ಅಂಗಳದಲ್ಲಿ ತೊಗರಿಬೇಳೆ ಆರಿಸುತ್ತಿದ್ದಾಗ ಅವನು ಫೋನು ಮಾಡಿದ. ಅವಳು ಸ್ಪೀಕರ್ ಒತ್ತಿ ಮೊರದ ಪಕ್ಕ ಇಟ್ಟಳು.

“ಗಿರಣಿ ಏನು?” ಅವನ ದನಿಯಲ್ಲಿ ಕುಹಕವಿತ್ತು.

“ಹೌದು, ಗಿರಣಿನೇ. ನಾನೇ ಮಾತಾಡ್ತೇನಿ” ಅಂದಳು. “ನಿನ್ನ ಕೂಡ ನಾ ಬರಲ್ಲ. ಫೋನ್ ಇಡು. ಬ್ಯಾರೆ ಯಾರರ ಹಚ್ಚತಿರ್ತಾರ.”