ಮಾರುವವನ ಕೈಯ ಮೊದಲ ಬೆಂಕಿ

ಕೊರೊನಾ ಮುಗಿದ ಮರುವರ್ಷದ ಮಾತು. ಆಗ ನಾನು ಕೋಯಮತ್ತೂರು ಪಕ್ಕದ ಮೆಟ್ಟುಪಾಳ್ಯಂನಲ್ಲಿ ಒಲೆ ಕೂಡಿಸುವ ಕೆಲಸ ಮಾಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಎಡಗೈ ಮಣಿಕಟ್ಟು ಸೊಟ್ಟಗಾದ ಮೇಲೆ ಕೆಲಸ ಅರ್ಧಕ್ಕರ್ಧ ಕಮ್ಮಿ. ಅದು ಹೇಗೆ ಸೊಟ್ಟಗಾಯಿತು ಅನ್ನುವುದೂ ಈ ಕಥೆಯಲ್ಲೇ ಬರುತ್ತದೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಗ್ಯಾಸ್ ದುಬಾರಿಯಾದ ಮೇಲೆ ನಮ್ಮ ಕಡೆ ಸೌದೆ ಒಲೆ ಮತ್ತೆ ಮನೆಗೆ ಬಂತು. ಹೊಸದನ್ನು ಕೊಳ್ಳುವವರು ಕಮ್ಮಿ. ಮುಚ್ಚಿದ ಟೀ ಅಂಗಡಿ, ಕಲ್ಯಾಣ ಮಂಟಪ, ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳಿಂದ ಹಳೇ ಕಬ್ಬಿಣದ ಒಲೆ ತರುತ್ತಾರೆ. ಹೊರಗೆ ಡ್ರಮ್ಮು, ನಡುವೆ ಬೂದಿ ಬೀಳಲು ಜಾಲರಿ, ಒಳಗೆ ಮಣ್ಣಿನ ಗೋಡೆ. ಕೊಳ್ಳುವವರು ಡ್ರಮ್ಮು ತಟ್ಟಿ ಸದ್ದು ಕೇಳುತ್ತಾರೆ. ಡ್ರಮ್ಮಿನಲ್ಲಿ ಏನಿದೆ? ಒಲೆ ಅಂದರೆ ಒಳಗೋಡೆ. ಹುತ್ತದ ಮಣ್ಣು, ಭತ್ತದ ಹೊಟ್ಟು, ಹೆಂಚಿನ ಚೂರು, ಸ್ವಲ್ಪ ಬೆಲ್ಲದ ನೀರು ಸೇರಿಸಿ ತುಳಿದು ಮೆತ್ತಿದರೆ ಅದು ಕಲ್ಲಾಗುತ್ತದೆ. ಕೆಲವರು ಸೋಮಾರಿತನಕ್ಕೆ ಭವಾನಿ ಹೊಳೆಯ ಉರುಟು ಕಲ್ಲು ಜೋಡಿಸಿ ಮೇಲೆ ಮಣ್ಣು ಬಳಿಯುತ್ತಾರೆ. ನೀರು ಕುಡಿದ ಕಲ್ಲು ಕಾದರೆ ಪಟಾಕಿಯಂತೆ ಸಿಡಿಯುತ್ತದೆ. ಹಾಗೆ ಕಣ್ಣು ಹೋದವರನ್ನು ನಾನು ನೋಡಿದ್ದೇನೆ.

ಅದಕ್ಕೇ ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ. ಹಳೇ ಒಲೆಯನ್ನು ಕೊಂಡವರ ಮನೆಯಲ್ಲಿ ಕೂಡಿಸಿದ ದಿನ, ಮೊದಲ ಬೆಂಕಿ ಮಾರಿದವನ ಕೈಯದು. ಅವನೇ ಬಂದು ಒಲೆಯ ಬಾಯಿಗೆ ಮುಖ ಕೊಟ್ಟು ಕುಕ್ಕರಗಾಲಿನಲ್ಲಿ ಕೂತು ಊದಬೇಕು. ಮೇಲಿಟ್ಟ ಹಾಲು ಉಕ್ಕುವವರೆಗೆ ಏಳುವ ಹಾಗಿಲ್ಲ. ಹಾಲು ಉಕ್ಕಿದರೆ ಒಲೆ ಕೊಂಡವರದು. ಹುಳುಕು ಗೊತ್ತಿರುವವನು ಮುಖ ದೂರ ಇಟ್ಟುಕೊಳ್ಳುತ್ತಾನೆ, ಕೆಮ್ಮು ಅನ್ನುತ್ತಾನೆ, ಮಂಡಿ ನೋವು ಅನ್ನುತ್ತಾನೆ. ಅಂಥ ಒಲೆಯನ್ನು ನಾನು ಅದೇ ಗಾಡಿಯಲ್ಲಿ ವಾಪಸು ಕಳಿಸುತ್ತೇನೆ.

ಇನ್ನು ಸರಸು. ಪಕ್ಕದ ಕಾರಮಡೈಯಲ್ಲಿ, ಮನೆಮಾತು ಕನ್ನಡವಾದ ನಮ್ಮ ನೇಕಾರರ ಮನೆಯ ಸೊಸೆ. ಗಂಡ ಸೆಂದಿಲ್ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ, ವಾರಕ್ಕೊಮ್ಮೆ ಮನೆಗೆ ಬರುವವನು. ಅವಳು ಮುರುಕ್ಕು, ಅಂದರೆ ಚಕ್ಕುಲಿ, ಸುಟ್ಟು ಅಂಗಡಿಗಳಿಗೆ ಹಾಕಿ, ಆ ದುಡಿಮೆಯಲ್ಲಿ ಮುಚ್ಚಿದ ಟೀ ಅಂಗಡಿಯ ಒಲೆಯೊಂದನ್ನು ಕೊಂಡಳು. ಒಳಗೋಡೆ ಬಿದ್ದುಹೋಗಿತ್ತು, ನನ್ನನ್ನು ಕರೆಸಿದಳು. ಗಂಡ ಊರಲ್ಲಿರಲಿಲ್ಲ. ಅತ್ತೆ ಜಗಲಿಯ ಮೇಲೆ ಕೂತು ನಮ್ಮಿಬ್ಬರನ್ನೂ ಬೈಯುತ್ತಿದ್ದಳು. ಸರಸು ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದಳು. ಕುತ್ತಿಗೆಯಲ್ಲಿ ಐದು ಬೆರಳಿನ ನೀಲಿ ಗುರುತಿತ್ತು.

"ಏನೇ ಇದು?" ಅಂದೆ.

"ಸರ ಅಜ್ಜಿ. ಬಂಗಾರದ್ದು ಹಾಕೋ ಯೋಗ ಇಲ್ಲ, ಬೆರಳಿಂದು ಹಾಕವ್ರೆ" ಎಂದು ನಕ್ಕಳು. ಆಮೇಲೆ ಡ್ರಮ್ಮಿನ ಮೇಲೆ ಕೈಯಿಟ್ಟು ಹೇಳಿದಳು: "ಈ ಒಲೆ ನಂದು. ಈ ಮನೇಲಿ ನಂದು ಅಂತ ಇರೋದು ಇದೊಂದು, ನನ್ನ ಮಗು ಒಂದು."

ಕೆಲಸ ಮುಗಿಸಿ, ಒಲೆಯ ಬಾಯಿಯ ಒಳಗಂಚಿನಲ್ಲಿ ಹಸಿ ಮಣ್ಣಿನ ಮೇಲೆ ಮೂರು ಬೆರಳು ಎಳೆದೆ. ನಾನು ಮೆತ್ತಿದ ಎಲ್ಲ ಒಲೆಯಲ್ಲೂ ಆ ಮೂರು ಗೀರು ಇರುತ್ತದೆ. ಹೆಸರು ಬರೆಯುವುದಕ್ಕಿಂತ ಅದು ಸಲೀಸು.

ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ಸರಸು ಸುಟ್ಟುಕೊಂಡಿದ್ದಾಳೆ, ಕೋಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಒಲೆ ಸಿಡಿದು ಕಾದ ಎಣ್ಣೆಯ ಬಾಣಲೆ ಅವಳ ಮೇಲೆ ಮಗುಚಿತಂತೆ. ಗಂಡ ಹಾಗೆ ಹೇಳಿದ, ಅತ್ತೆ ಹಾಗೆ ಹೇಳಿದಳು, ಪೊಲೀಸರು ಕೇಳಿದಾಗ ಸರಸುವೂ ಹಾಗೇ ಹೇಳಿದಳು. ಮುಖದ ಒಂದು ಪಾಲು, ಕಿವಿ, ಕುತ್ತಿಗೆ, ಎದೆ, ಎಲ್ಲ ಬೆಂದಿತ್ತು.

ಎರಡು ದಿನಕ್ಕೆ ಅವಳ ಅಣ್ಣ ಮುರುಗೇಶ ನನ್ನ ಮನೆಗೆ ಬಂದ. ಮೆಟ್ಟುಪಾಳ್ಯಂ ತರಕಾರಿ ಮಂಡಿಯಲ್ಲಿ ಆಲೂಗಡ್ಡೆ ಮೂಟೆ ಹೊರುವವನು. ಕುಡಿದಿರಲಿಲ್ಲ. ಕುಡಿದಿದ್ದರೆ ಗುರಿ ತಪ್ಪುತ್ತಿತ್ತೇನೋ.

"ಹೊಳೆ ಕಲ್ಲು ಹಾಕಿದ್ಯಾ, ಮುದುಕಿ?"

"ಹಾಕಿಲ್ಲ. ನನ್ನ ಒಲೆ ಸಿಡಿಯಲ್ಲ."

"ಹಂಗಾದ್ರೆ ನನ್ನ ತಂಗಿ ಸುಳ್ಳು ಹೇಳ್ತಾಳಾ?"

ಮೂಲೆಯಲ್ಲಿದ್ದ ನನ್ನದೇ ಕಬ್ಬಿಣದ ಸಲಾಕೆ ಎತ್ತಿಕೊಂಡ. ತಲೆಗೆ ಬೀಳುವುದನ್ನು ಎಡಗೈಯಲ್ಲಿ ತಡೆದೆ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕೆಳಗೆ ಬಿದ್ದವಳನ್ನು ಪಕ್ಕೆಗೆ ಎರಡು ಸಲ ಒದ್ದ. ಮಣ್ಣಿನ ಮಡಕೆಗಳನ್ನೆಲ್ಲ ಒಡೆದ. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು, ಯಾರೂ ಒಳಗೆ ಬರಲಿಲ್ಲ. ಅವರೂ ಅವನ ಮಾತನ್ನೇ ನಂಬಿದ್ದರು. ಪೊಲೀಸಿಗೆ ನಾನು ಹೋಗಲಿಲ್ಲ. ಮುಖ ಬೆಂದವಳ ಅಣ್ಣನ ಮೇಲೆ ಯಾವ ಬಾಯಲ್ಲಿ ದೂರು ಕೊಡಲಿ? ಎಲುಬು ಕೂಡಿಸುವವನು ಬಿದಿರ ಪಟ್ಟಿ ಕಟ್ಟಿದ, ಕೈ ಸೊಟ್ಟಗೆ ಕೂಡಿತು. ಕಾರಮಡೈ ಕಡೆ ಯಾರೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಹುಡುಗರು ಹಿಂದಿನಿಂದ "ಡಮಾರ್ ಪಾಟಿ", ಸಿಡಿಯೋ ಅಜ್ಜಿ, ಎಂದು ಕೂಗುತ್ತಿದ್ದರು.

ಬೇಸಿಗೆ ಹೊತ್ತಿಗೆ ಒಂದು ಫೋನು ಬಂತು. ಸವಿತಾ ಎಂದು ಹೆಸರು. ಹಾಸನದ ಕಡೆಯವಳು, ಕೋಯಮತ್ತೂರಿನಲ್ಲಿ ಕಂಪನಿ ಕೆಲಸ, ಕಿಣತ್ತುಕಡವಿನಲ್ಲಿ ಗಂಡನ ಜೊತೆ ಹೊಸ ಮನೆ. ಹಿತ್ತಿಲಲ್ಲಿ ನೀರು ಕಾಯಿಸಲು, ಭಾನುವಾರ ಮುದ್ದೆ ಬೇಯಿಸಲು ಸೌದೆ ಒಲೆ ಬೇಕಂತೆ. ಫೋನಿನಲ್ಲೇ ಜಾಹೀರಾತು ನೋಡಿ ಹಳೇದೊಂದನ್ನು ಗೊತ್ತು ಮಾಡಿದ್ದಳು. ಕನ್ನಡ ಬರುವವರು ಬೇಕು ಅಂತ ಯಾರನ್ನೋ ಕೇಳಿ ನನ್ನನ್ನು ಹುಡುಕಿದ್ದಳು. ನಾನು ಕಟ್ಟಳೆ ಹೇಳಿದೆ: ಮಾರಿದವನು ಖುದ್ದಾಗಿ ಬರಬೇಕು.

"ಹೇಳಿದೀನಿ ಅಜ್ಜಿ. ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಒಲೆ ಬರುತ್ತೆ, ಮಧ್ಯಾಹ್ನ ಅವರು ಬರ್ತಾರೆ."

ಬೆಳಿಗ್ಗೆ ಒಲೆ ಇಳಿಸಿದಾಗ ನನಗೆ ಅನುಮಾನ ಬರಲಿಲ್ಲ, ಡ್ರಮ್ಮುಗಳೆಲ್ಲ ಒಂದೇ ಥರ. ರೂಢಿಯಂತೆ ಕೈ ಒಳಗೆ ಹಾಕಿ ಗೋಡೆ ಸವರಿದೆ. ಬಾಯಿಯ ಒಳಗಂಚಿನಲ್ಲಿ ಮೂರು ಗೀರು ಬೆರಳಿಗೆ ಸಿಕ್ಕಿತು. ನನ್ನ ಬೆರಳಿಗೆ ಸರಿಯಾಗಿ ಕೂತಿತು. ಮಸಿ ಒರೆಸಿ, ಟಾರ್ಚು ಹಾಕಿ, ತಲೆ ತೂರಿಸಿ ನೋಡಿದೆ. ಒಳಗೋಡೆ ನಾನು ಮೆತ್ತಿದ ಹಾಗೇ ಇತ್ತು. ಒಂದು ಚಕ್ಕೆಯೂ ಎದ್ದಿರಲಿಲ್ಲ. ಸಿಡಿದ ಒಲೆಯ ಒಳಗೆ ಗುಂಡಿ ಬೀಳುತ್ತದೆ, ಜಾಲರಿ ಬಾಗುತ್ತದೆ. ಇದರ ಜಾಲರಿ ನೆಟ್ಟಗೆ ಕೂತಿತ್ತು. ಸರಸುವಿನ ಒಲೆ ಸಿಡಿದೇ ಇರಲಿಲ್ಲ.

ನಾನು ಅಲ್ಲೇ ಕೂತೆ. ಸವಿತಾ ನೀರು ತಂದುಕೊಟ್ಟಳು. ಮಾರಿದವನ ಹೆಸರು ಕೇಳಿದರೆ ಕಾರಮಡೈ ಸೆಂದಿಲ್ ಅಂದಳು. ಅವಳಿಗೆ ಎಲ್ಲ ಹೇಳಿದೆ.

"ನಿನ್ನ ಮನೆ ಬಾಗಿಲಲ್ಲಿ ರಗಳೆ ಆಗುತ್ತೆ ಕಣಮ್ಮ. ಬೇಡ ಅಂದ್ರೆ ಈಗಲೇ ಹೇಳು, ಒಲೆ ವಾಪಸು ಕಳಿಸಿ ನಾನೂ ಹೋಗ್ತೀನಿ."

ಅವಳು ಒಲೆಯನ್ನೇ ನೋಡುತ್ತಾ ನಿಂತಳು. "ಆ ಹುಡುಗಿ ಈಗ ಎಲ್ಲಿದಾಳೆ?"

"ತವರಲ್ಲಿ. ಮಗು ಗಂಡನ ಮನೇಲಿ."

"ಹಾಗಾದ್ರೆ ಆಗ್ಲಿ ರಗಳೆ" ಎಂದಳು.

ಮುರುಗೇಶನಿಗೆ ಫೋನು ಹಚ್ಚಿಸಿದೆ. ನನ್ನ ದನಿ ಕೇಳಿದ್ದೇ ಬೈಯಲು ಶುರು ಮಾಡಿದ. ಬೈದು ಮುಗಿಸಲಿ ಎಂದು ಕಾದೆ.

"ಶುಕ್ರವಾರ ಅವಳನ್ನ ಗಂಡನ ಮನೆಗೆ ಕಳಿಸ್ತಾ ಇದೀವಿ" ಅಂದ. "ಗ್ಯಾಸ್ ಒಲೆ ಹಾಕಿಸವ್ನೆ ಅವಳ ಗಂಡ, ನಮ್ಮ ಮಾಪಿಳ್ಳೆ. ಮಗೂಗೋಸ್ಕರ ಹೋಗ್ತೀನಿ ಅಂತಾಳೆ ಅವಳೂ. ಈಗ್ಯಾಕೆ ಫೋನ್ ಮಾಡ್ದೆ, ಇನ್ನೊಂದು ಕೈಯೂ ಮುರೀಬೇಕಾ?"

"ಮುರೀವಂತೆ. ಮೊದಲು ಕಿಣತ್ತುಕಡವಿಗೆ ಬಾ. ನಿನ್ನ ಮಾಪಿಳ್ಳೆ ಇಲ್ಲಿ ಆ ಒಲೆ ಹಚ್ಚೋಕೆ ಬರ್ತಾನೆ. ಅವನು ಹೆಂಗೆ ಹಚ್ತಾನೆ ಅಂತ ಮಾತ್ರ ನೋಡು. ಆಮೇಲೆ ಯಾರ ಕೈ ಮುರೀಬೇಕೋ ನೀನೇ ತೀರ್ಮಾನ ಮಾಡು."

ಬೈಕಿನಲ್ಲಿ ಬಂದ. ಮೂರು ಗೀರು ತೋರಿಸಿದೆ, ಒಳಗೋಡೆ ಮುಟ್ಟಿಸಿದೆ. ಹಿತ್ತಿಲ ಬಚ್ಚಲುಮನೆಯಲ್ಲಿ ಅವನನ್ನು ನಿಲ್ಲಿಸಿ ಬಾಗಿಲು ಒರಗಿಸಿದೆ.

ಸೆಂದಿಲ್ ಊಟದ ಹೊತ್ತು ಕಳೆದ ಮೇಲೆ ಬಂದ. ಬಿಳಿ ಪಂಚೆ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ನನ್ನನ್ನು ಅವನು ಯಾವತ್ತೂ ನೋಡಿರಲಿಲ್ಲ. ಸವಿತಾ ಕನ್ನಡದಲ್ಲಿ ಮಾತಾಡಿಸಿದಾಗ ಹಿಗ್ಗಿ, ತಮಿಳು ಬೆರೆತ ಕನ್ನಡದಲ್ಲೇ ಉತ್ತರ ಕೊಟ್ಟ.

"ನಾವೂ ಮನೇಲಿ ಕನ್ನಡ ತಾನುಂಗ ಪೇಸೋದು. ನಮ್ಮೋರಿಗೆ ಕೊಡ್ತಾ ಇದೀನಿ ಅಂತ ಸಂತೋಷಂಗ."

"ಯಾಕೆ ಮಾರ್ತಿದೀರಿ?" ಎಂದು ಸವಿತಾ ಕೇಳಿದಳು.

"ಮನೇಲಿ ಹೆಂಗಸ್ರಿಗೆ ಬೆಂಕಿ ಒಗ್ಗಲ್ಲಂಗ."

ನಾನು ಸೌದೆ ಜೋಡಿಸಿ, ಹಾಲಿನ ಪಾತ್ರೆ ಮೇಲಿಡುತ್ತಾ ಕೇಳಿದೆ: "ಒಳಗೆ ಬಿರುಕು ಗಿರುಕು ಇದೆಯಾ ತಂಬಿ? ಯಾವತ್ತಾದ್ರೂ ಸಿಡಿದಿತ್ತಾ?"

"ಇದಾ? ನೀ ಒಳ್ಳೆ ಪಾಟಿ! ಒಂದು ಕಿಡಿ ಹೊರಗೆ ಹಾರಿಲ್ಲ. ಕೋಟೆ ಇದ್ದಂಗದೆ."

"ಹಂಗಾದ್ರೆ ಕೂತ್ಕೋ."

ಸವಿತಾ ಫೋನು ಎತ್ತಿ ಹಿಡಿದಳು. "ಊರಲ್ಲಿ ಅಮ್ಮಂಗೆ ಕಳಿಸ್ಬೇಕು, ವಿಡಿಯೋ ಮಾಡ್ತೀನಿ." ಅವನು ತಲೆಗೂದಲು ಸರಿಮಾಡಿಕೊಂಡು ನಕ್ಕ.

ಕುಕ್ಕರಗಾಲಿನಲ್ಲಿ ಕೂತ. ತೆಂಗಿನ ಗರಿ ಹಚ್ಚಿ ಒಳಗೆ ತಳ್ಳಿದ. ಊದುಕೊಳವೆ ಕೊಡಲು ಹೋದರೆ ಬೇಡ ಅಂದ. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಲೆಯ ಬಾಯಿಗೆ ಬಾಯಿ ಕೊಟ್ಟು ಊದಿದ. ಹುಣಸೆ ಸೌದೆ ಹತ್ತಿಕೊಂಡು ಗುಡುಗುಟ್ಟಿತು. ಮೊಣಕೈವರೆಗೆ ಕೈ ಹಾಕಿ ಕೊಳ್ಳಿ ಸರಿಮಾಡಿದ. ತನ್ನ ಕಣ್ಣೆದುರು ಸಿಡಿದು ಹೆಂಡತಿಯ ಮುಖ ಬೇಯಿಸಿದ ಒಲೆಯ ಮುಂದೆ ಯಾವ ಗಂಡಸೂ ಹಾಗೆ ಕೂರುವುದಿಲ್ಲ. ಊರೆಲ್ಲ ಸೇರಿ ಬಲವಂತ ಮಾಡಿದರೂ ಕೂರುವುದಿಲ್ಲ.

ಬಚ್ಚಲ ಬಾಗಿಲು ಗೋಡೆಗೆ ಬಡಿಯಿತು.

ಮುರುಗೇಶ ಹಿಂದಿನಿಂದ ಕತ್ತು ಹಿಡಿದ. ಸೆಂದಿಲ್‌ಗೆ ತಿರುಗಿ ನೋಡಲೂ ಬಿಡಲಿಲ್ಲ. ಬೆನ್ನ ಮೇಲೆ ಮಂಡಿ ಊರಿ, ಕೂದಲು ಹಿಡಿದು, ಮುಖವನ್ನು ಒಲೆಯ ಬಾಯಿಯತ್ತ ತಳ್ಳಿದ.

"ಸಿಡಿಯಲ್ಲ ತಾನೇ ಮಾಪಿಳ್ಳೆ? ಕೋಟೆ ತಾನೇ? ಒಳಗೇ ಹೋಗಿ ನೋಡು!"

ಸೆಂದಿಲ್ ಎರಡೂ ಅಂಗೈಯನ್ನು ಕಾದ ಡ್ರಮ್ಮಿಗೆ ಒತ್ತಿ ತಡೆದ. ಚರ್ಮ ಚುರ್ ಅಂದಿತು. ಅರಚಿದ. ಹುಬ್ಬು ಸೀದು ವಾಸನೆ ಬಂತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೈಮೇಲೆಲ್ಲ ಸುರಿದು ಹೊಗೆಯೆದ್ದಿತು.

"ಹೇಳು! ಹೆಂಗೆ ಸುಟ್ಟೆ?"

"ಒಲೆ ಮಾರ್ತೀನಿ ಅಂದೆ ಮಚ್ಚಾನ್, ಭಾವಾ... ನಂದು, ಮಾರೋಕೆ ನೀ ಯಾರು ಅಂದ್ಲು... ಅವ್ವನ ಮುಂದೆ ಅಂದ್ಲು... ಬಾಣಲೆ ಕೈಗೆ ಸಿಕ್ತು, ಸುರಿದೆ... ಬಿಡು ಮಚ್ಚಾನ್, ಮಗೂನ ನೋಡು..."

ಮಗು ಅಂದದ್ದು ಕೇಳಿ ಮುರುಗೇಶನಿಗೆ ಇನ್ನಷ್ಟು ರೋಷ ಬಂತು. ತೋಳಿನ ನರ ಉಬ್ಬಿದ್ದು ನೋಡಿದೆ. ಈಗ ತಳ್ಳುತ್ತಾನೆ ಅಂತ ಗೊತ್ತಾಯಿತು. ಕಬ್ಬಿಣದ ಊದುಕೊಳವೆ ನನ್ನ ಬಲಗೈಯಲ್ಲೇ ಇತ್ತು. ಅವನ ಮಣಿಕಟ್ಟಿನ ಮೇಲೆ ಇದ್ದ ಬಲವನ್ನೆಲ್ಲ ಹಾಕಿ ಬಾರಿಸಿದೆ. ಕೈ ಬಿಟ್ಟ. ಇನ್ನೊಂದು ಭುಜಕ್ಕೆ ಕೊಟ್ಟೆ. ಸೆಂದಿಲ್ ಪಕ್ಕಕ್ಕೆ ಉರುಳಿ ಅಂಗೈ ಎರಡನ್ನೂ ಎದೆಗೆ ಅವುಚಿಕೊಂಡು ನಾಯಿಯಂತೆ ಕುಂಯ್‌ಗುಟ್ಟಿದ.

"ಯಾಕೆ ಹೊಡೆದೆ?" ಎಂದು ಮುರುಗೇಶ ನನ್ನ ಮೇಲೆ ಏರಿ ಬಂದ.

"ಅವನಿಗೋಸ್ಕರ ಅಂತ ತಿಳೀಬೇಡ. ಅವನು ಬೆಂದ್ರೆ ನನಗೇನು? ನೀನು ಜೈಲಿಗೆ ಹೋದ್ರೆ ಶುಕ್ರವಾರ ನಿನ್ನ ತಂಗೀನ ತಡೆಯೋರು ಯಾರು? ಮಗೂನ ತರೋರು ಯಾರು? ನಾನಾ, ಈ ಸೊಟ್ಟ ಕೈಯಲ್ಲಿ?"

ಅವನು ಗೋಡೆಗೆ ಹಣೆ ಬಡಿದುಕೊಂಡ. ಸವಿತಾ ಇನ್ನೂ ಫೋನು ಇಳಿಸಿರಲಿಲ್ಲ. ಗಲಾಟೆ ಕೇಳಿ ಒಳಗಿನಿಂದ ಬಂದ ಅವಳ ಗಂಡ ಪೊಲೀಸರನ್ನು ಕರೆದ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಪೊಲೀಸರನ್ನು ಮುಂದಿಟ್ಟುಕೊಂಡು ಅದೇ ಸಂಜೆ ಮಗುವನ್ನು ಕಾರಮಡೈಯಿಂದ ತಂದರು. ಸರಸುವಿನ ಅತ್ತೆ ಮಗುವಿನ ಕೈ ಬಿಡದೆ ಎಳೆದಾಡಿ, ಹೆಣ್ಣು ಪೊಲೀಸಿನ ಕೈ ಕಚ್ಚಿದಳಂತೆ. ಮಗು ಮಡಿಲಿಗೆ ಬಂದ ಮೇಲೆಯೇ ಸರಸು ಬಾಯಿ ತೆರೆದದ್ದು. "ಒಲೆ ಸಿಡೀಲಿಲ್ಲ" ಎಂಬುದು ಅವಳ ಮೊದಲ ಮಾತು. ಮಗುವನ್ನು ಬಾವಿಗೆ ಹಾಕುತ್ತೇನೆ ಎಂದು ಗಂಡ ಆಸ್ಪತ್ರೆಯಲ್ಲಿ ಹೆದರಿಸಿದ್ದನಂತೆ. ಕೇಸು ಕೋರ್ಟಿನಲ್ಲಿದೆ. ಅವನು ಜಾಮೀನಿನ ಮೇಲೆ ಹೊರಗೆ ತಿರುಗುತ್ತಿದ್ದಾನೆ. ಮುರುಗೇಶನ ಮೇಲೂ ಒಂದು ಕೇಸಿದೆ. ಒಲೆ ಸಾಕ್ಷಿಯೆಂದು ಸ್ಟೇಷನ್ನಿನ ಅಂಗಳದಲ್ಲಿ ಮಳೆಗೆ ತುಕ್ಕು ಹಿಡಿಯುತ್ತಿದೆ.

ಸ್ವಲ್ಪ ದಿನದ ಮೇಲೆ ಮುರುಗೇಶ ಬಂದು ಬಾಗಿಲಲ್ಲಿ ನಿಂತ. ಊದಿದ ಮಣಿಕಟ್ಟನ್ನು ಚಾಚಿ, "ಲೆಕ್ಕ ಸರಿ ಹೋಯ್ತಾ ಅವ್ವಾ?" ಅಂದ.

"ನಿಂದು ಊದಿದೆ, ನಂದು ಮುರಿದಿದೆ. ಸರಿ ಹೋಗಲಿಲ್ಲ. ಮಣ್ಣು ನೆನೆಹಾಕಿದೀನಿ, ತುಳಿ."

ತುಳಿದ. ಆ ಮಣ್ಣು ಅವನ ತಂಗಿಗೇ ಬೇಕಾಗಿತ್ತು. ಮತ್ತೆ ಮುರುಕ್ಕು ಸುಡುತ್ತೇನೆಂದು ಹೇಳಿಕಳಿಸಿದ್ದಳು. ತವರಿನ ಹಿತ್ತಿಲಲ್ಲಿ ಹೊಸ ಡ್ರಮ್ಮಿಗೆ ಒಳಗೋಡೆ ಮೆತ್ತಿ, ಒಣಗಿಸಿ, ಸೌದೆ ಜೋಡಿಸಿದೆ. ಮಾರಿದವನು ಇಲ್ಲದ ಒಲೆ, ಮೊದಲ ಬೆಂಕಿ ಕಟ್ಟಿದವಳದು. ಸರಸು ಬಾಗಿಲಾಚೆ ನಿಂತಿದ್ದಳು, ಸೆರಗಿನಲ್ಲಿ ಬೆಂದ ಕೆನ್ನೆ ಮುಚ್ಚಿ. ನಾನು ಕೂತು ಒಲೆಯ ಬಾಯಿಗೆ ಮುಖ ಕೊಟ್ಟು ಊದಿದೆ. ಹಾಲು ಉಕ್ಕುವವರೆಗೆ ಅವಳು ಬೆಂಕಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಏಳು ಅಜ್ಜಿ" ಎಂದಳು ಆಮೇಲೆ. "ಜಾಗ ಬಿಡು."

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಒಲೆಯ ಬಾಯಿಗೆ ಮುಖ ಕೊಡದವನನ್ನು ನಂಬಬೇಡ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಮುಖ ಕೊಟ್ಟವನನ್ನು ನಂಬು ಎಂದು ಅವಳು ಹೇಳಿರಲಿಲ್ಲ. ಸೆಂದಿಲ್ ಪರೀಕ್ಷೆಯಲ್ಲಿ ಪೂರಾ ಪಾಸಾದ. ಪಾಸಾದ್ದಕ್ಕೇ ಸಿಕ್ಕಿಬಿದ್ದ.