ದೊಡ್ಡಮ್ಮನ ಬಾವಿ ನೀರು

ಹೊಸ ಸೀರೆಯನ್ನು ಮೊದಲ ಸಲ ನೆನೆಹಾಕುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಬಣ್ಣ ಬಿಡುತ್ತದೋ ಇಲ್ಲವೋ ಎಂದು ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಾಯುವುದು ನನಗೊಂದು ಚಟ. ಮನೆಯವರು ಇದನ್ನು ನನ್ನ ಪೂಜೆ ಎಂದು ಗೇಲಿ ಮಾಡುತ್ತಾರೆ. ಇವತ್ತು ಬೆಳಿಗ್ಗೆ ಸೀರೆ ನೀರನ್ನೆಲ್ಲ ಕೆಂಪು ಮಾಡಿತು. ಚೆಲ್ಲಲು ಹೋದರೆ ಹಸಿ ಬಣ್ಣದ ಘಾಟು ಮೂಗಿಗೆ ಬಡಿದು, ಹಾರೋಹಳ್ಳಿ ಕಡೆಯ ನಮ್ಮ ದೊಡ್ಡಮ್ಮ ನೆನಪಾದಳು.

ಅವಳು ಅಮ್ಮನ ಅಕ್ಕ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರಂಚಿಗೆ ಹಳ್ಳ, ಹಳ್ಳದ ಪಕ್ಕದಲ್ಲೇ ಬಾವಿ. ಆ ಬಾವಿಯ ನೀರಿನ ಬಗ್ಗೆ ಅವಳಿಗಿದ್ದ ಜಂಬ ಕಿವಿಯ ಓಲೆಯ ಬಗ್ಗೆ ಇರಲಿಲ್ಲ. ಬಸ್ಸಿಳಿದು ಹೋಗುವ ಗುರುತಿಲ್ಲದವರನ್ನೂ ಕೂಗಿ ಚೊಂಬು ಕೊಡುತ್ತಿದ್ದಳು. ನಾನು ಕನಕಪುರದಿಂದ ರಜೆಗೆ ಹೋದರೆ, “ಮೊದ್ಲು ಒಸಿ ನೀರು ಕುಡಿ, ಆಮೇಲೆ ಮಾತು” ಎನ್ನುವಳು. ಅವಳ ಅಡುಗೆ ಅಷ್ಟಕ್ಕಷ್ಟೇ. ಆದರೂ ಆ ನೀರು ಕುಡಿದ ಮೇಲೆ ಏನು ಬಡಿಸಿದರೂ ಒಳಗೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳ್ಳದ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಬಂತು. ದೊಡ್ಡಮ್ಮನ ಮಗ ಶಿವುಗೆ ಅದರ ಗೇಟಿನಲ್ಲೇ ಕೆಲಸ ಸಿಕ್ಕಿತು. ಅವನ ಖಾಕಿ ಅಂಗಿಯನ್ನು ಅವಳು ಬೀದಿಗೆಲ್ಲ ತೋರಿಸಿದಳು. ಸ್ವಲ್ಪ ದಿನಕ್ಕೆ ಹಳ್ಳ ಒಮ್ಮೆ ನೀಲಿಯಾಗಿ, ಒಮ್ಮೆ ಕೆಂಪಾಗಿ ಹರಿಯತೊಡಗಿತು. ನಗಬೇಡಿ, ಆ ನೀಲಿ ನೋಡಿ ಇಂಥ ಬಣ್ಣದ್ದೊಂದು ರವಿಕೆ ಹೊಲಿಸಿಕೊಳ್ಳಬೇಕು ಅಂದುಕೊಂಡವಳು ನಾನು.

ಮೊದಲು ಸೊರಗಿದ್ದು ದೊಡ್ಡಮ್ಮ ಸಾಕುತ್ತಿದ್ದ ರೇಷ್ಮೆ ಹುಳುಗಳು. ಸೊಪ್ಪು ಹಾಕಿದರೆ ತಿನ್ನದೆ ಸುಮ್ಮನೆ ಕೂತವು. ಒಂದು ಬೆಳಿಗ್ಗೆ ಅವನ್ನೆಲ್ಲ ಮೊರಕ್ಕೆ ತುಂಬಿ ತಿಪ್ಪೆಗೆ ಸುರಿಯಬೇಕಾಯಿತು. ಆಮೇಲೆ ಮನೆಯವರ ಮೈಮೇಲೆಲ್ಲ ಗಂಧೆ, ತುರಿಕೆ. ಕೊನೆಗೆ ಬಾವಿಯ ನೀರಿಗೇ ಘಾಟು ಹತ್ತಿತು. ದೊಡ್ಡಮ್ಮ ಬಾಯಿಗಿಟ್ಟುಕೊಂಡಳು, ಉಗುಳಿದಳು, ಮತ್ತೆ ಸೇದಿದಳು, ಮತ್ತೆ ಉಗುಳಿದಳು.

ಮರುದಿನ ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿ ಕಾರ್ಖಾನೆಗೆ ಹೊರಟಳು. ರಜೆಗೆ ಬಂದಿದ್ದ ನಾನು ಲೋಟ ಹಿಡಿದು ಹಿಂದೆ. ಗೇಟಿನಲ್ಲಿದ್ದ ಶಿವು ಬೆಪ್ಪಾದ. “ಅವ್ವ, ಇಲ್ಲಿಗ್ಯಾಕೆ ಬಂದೆ?” ಗಲಾಟೆ ಕೇಳಿ ಮ್ಯಾನೇಜರು ಹೊರಗೆ ಬಂದ. ದೊಡ್ಡಮ್ಮ ಲೋಟ ತುಂಬಿಸಿ ಅವನ ಮುಂದೆ ಹಿಡಿದಳು.

“ತಗಳಿ ಸಾಮಿ. ನೀವು ಕುಡುದ್ರೆ ನಾನು ಸುಮ್ಕೆ ಮನೆಗೋಯ್ತೀನಿ.”

“ಎಲ್ಲ ಶುದ್ಧ ಮಾಡಿಯೇ ಬಿಡ್ತೀವಮ್ಮ” ಎಂದ ಮ್ಯಾನೇಜರು, ಲೋಟ ಮುಟ್ಟದೆ. ಸುತ್ತ ಜನ ಸೇರುತ್ತಿದ್ದರು. ಅವನು ಶಿವು ಕಡೆಗೆ ನೋಡಿದ, ಅಷ್ಟೇ.

ಶಿವು ತಾಯಿಯ ಕೈಯಿಂದ ಲೋಟ ಕಿತ್ತುಕೊಂಡು ಗಟಗಟನೆ ಕುಡಿದುಬಿಟ್ಟ. “ತಗಾ, ಕುಡುದೆ. ಏನಾಯ್ತು ಈಗ? ನಡಿಯವ್ವ.”

ಬಿಂದಿಗೆ ನೆಲಕ್ಕೆ ಬಿತ್ತು. “ಉಗುಳ್ಲಾ, ಮಗಾ! ಉಗುಳ್ಬುಡ್ಲಾ!” ಎನ್ನುತ್ತ ದೊಡ್ಡಮ್ಮ ಅವನ ದವಡೆ ಹಿಡಿದು ಬಾಯೊಳಗೆ ಬೆರಳು ಹಾಕಲು ಹೋದಳು. ಅವನು ಮುಖ ತಿರುಗಿಸಿಕೊಂಡ. ಜನ ನಕ್ಕರು. ಮ್ಯಾನೇಜರು ಒಳಗೆ ಹೋದ.

ಆಮೇಲೆ ಅವಳು ನೀರಿನ ಮಾತೆತ್ತಲಿಲ್ಲ. ಶಿವು ಕೆಲಸ ಬಿಡಲಿಲ್ಲ, ಬಿಡು ಎಂದು ಅವಳೂ ಹೇಳಲಿಲ್ಲ. ತೋಟ ಒಣಗಿದ ಮೇಲೆ ಮನೆ ನಡೆಯುತ್ತಿದ್ದುದು ಆ ಸಂಬಳದಲ್ಲೇ. ಅವನೇ ಬಾವಿಗೆ ಕಲ್ಲುಚಪ್ಪಡಿ ಹೊದಿಸಿದ. ಟ್ಯಾಂಕರ್ ಬಂದಾಗ ದೊಡ್ಡಮ್ಮ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ದಾರಿಹೋಕರು ಕಂಡರೆ ಒಳಗೆ ಹೋಗಿಬಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅವಳು ತೀರಿಕೊಂಡಾಗ ಟ್ಯಾಂಕರ್ ಬಂದಿರಲಿಲ್ಲ. ಕೊನೆಯ ಸ್ನಾನಕ್ಕೆ ಬಾವಿಯಿಂದಲೇ ಸೇದೋಣ, ಕುಡಿಯೋದಕ್ಕಲ್ಲವಲ್ಲ ಎಂದರು ಹಿರಿಯರು. ಚಪ್ಪಡಿ ಸರಿಸಲು ಬಂದವರಿಗೆ ಶಿವು ಅಡ್ಡ ನಿಂತ. “ಆ ನೀರು ನಮ್ಮವ್ವನ ಮೈಗೆ ಬ್ಯಾಡ.” ಪಕ್ಕದೂರಿನಿಂದ ತಾನೇ ಸೈಕಲ್ಲಿನಲ್ಲಿ ಬಿಂದಿಗೆ ಹೇರಿಕೊಂಡು ತಂದ. ಅಲ್ಲಿಯವರೆಗೆ ಎಲ್ಲರೂ ಕಾದೆವು.

ಈಗ ಆ ಕಾರ್ಖಾನೆ ಇಲ್ಲ, ಮುಚ್ಚಿ ಬಹಳ ಕಾಲವಾಯಿತು. ಹೋದ ತಿಂಗಳು ಹೋದಾಗ ಶಿವು ಕೇಳಿದ: “ಅಕ್ಕ, ಚಪ್ಪಡಿ ತಗ್ಸಿಬುಡ್ಲಾ? ಹಳ್ಳ ತಿಳಿಯಾಗೈತೆ.”

“ನೀನು ಕುಡೀತೀಯಾ?” ಎಂದೆ.

ಅವನು ಚಪ್ಪಡಿಯ ಮೇಲಿನ ತರಗೆಲೆ ಸರಿಸಿ ನನಗೂ ಜಾಗ ಮಾಡಿದ. ಬಸ್ಸು ಬರುವವರೆಗೆ ಇಬ್ಬರೂ ಆ ಚಪ್ಪಡಿಯ ಮೇಲೆಯೇ ಕೂತಿದ್ದೆವು.