ಕಾಜಿಟನ್ ಕಲಸಿಟ್ಟ ಮಾಂಸ

ನೈರೋಬಿಯಲ್ಲಿ ಕರೆಂಟು ಹೋದರೆ ಅಲ್ಲಿನ ಮಂಗಳೂರು ಕ್ರೈಸ್ತ ಮನೆಗಳವರು ಮೊದಲು ಫೋನ್ ಮಾಡುತ್ತಿದ್ದುದು ಇನೆಜ್ ಬಾಯಿಗೆ. ಕರೆಂಟು ಯಾವಾಗ ಬರುತ್ತದೆ ಎಂಬುದು ಆ ಹೆಂಗಸಿಗೂ ಗೊತ್ತಿರಲಿಲ್ಲ. ಫ್ರೀಜರಿನಲ್ಲಿರುವ ಹಂದಿಮಾಂಸವನ್ನು ತಿನ್ನಬಹುದೋ ಬಾರದೋ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕಿನ್ನಿಗೋಳಿಯಿಂದ ಮದುವೆಯಾಗಿ ಬಂದವರು ಇಲ್ಲಿನ ಒಂದು ಹಾಸ್ಟೆಲಿನ ಅಡುಗೆಮನೆಯನ್ನು ವರ್ಷಾನುಗಟ್ಟಲೆ ನೋಡಿಕೊಂಡಿದ್ದರು. ನೂರಾರು ಮಕ್ಕಳ ಹೊಟ್ಟೆಯ ಜವಾಬ್ದಾರಿ ಹೊತ್ತವರಿಗೆ ಮಾಂಸದ ಮೇಲೆ ದಾಕ್ಷಿಣ್ಯವಿರುವುದಿಲ್ಲ.

ಅವರ ಪ್ರಶ್ನೆಗಳು ಪೊಲೀಸರ ವಿಚಾರಣೆಯ ಹಾಗಿರುತ್ತಿದ್ದವು. ಒಳಗೆ ಇನ್ನೂ ಐಸಿನ ಹರಳು ಉಂಟಾ? ಮುಟ್ಟಿದರೆ ಫ್ರಿಜ್ಜಿನಷ್ಟು ತಣ್ಣಗೆ ಉಂಟಾ? ಇದ್ದರೆ ಬೇಯಿಸಿ, ಇಲ್ಲವೇ ಮತ್ತೆ ಫ್ರೀಜರಿಗೆ ಹಾಕಿ. ಮೆತ್ತಗಾಗಿ ಎಷ್ಟು ಹೊತ್ತಾಯಿತು ಅಂತ ಗೊತ್ತಿಲ್ಲವಾ? ಬಿಸಾಡಿ. "ಮೂಸಿ ನೋಡಿದೆ ಬಾಯಿ, ವಾಸನೆ ಏನೂ ಇಲ್ಲ" ಎಂದು ಯಾರಾದರೂ ಗೋಗರೆದರೆ ಸಿಟ್ಟು ನೆತ್ತಿಗೇರುತ್ತಿತ್ತು. ಮಾಂಸ ಎಲ್ಲ ಸಲವೂ ಹೇಳಿ ಕೆಡುವುದಿಲ್ಲ ಮಾರಾಯ್ತಿ ಎನ್ನುತ್ತಿದ್ದರು. ಒಂದು ಕ್ರಿಸ್‌ಮಸ್‌ಗೆ ಗೆಳತಿ ಲವೀನಾ ತಂದಿಟ್ಟಿದ್ದ ಇಡೀ ಹಂದಿ ತೊಡೆಯನ್ನೇ ಕಸಕ್ಕೆ ಹಾಕಿಸಿದ್ದರು. ಲವೀನಾ ಹೊಸ ವರ್ಷದವರೆಗೆ ಮಾತು ಬಿಟ್ಟಿದ್ದಳು.

ಇಂಥ ಹೆಂಗಸಿನ ಗಂಡ ಕಾಜಿಟನ್‌ಗೆ ಹಂದಿಮಾಂಸ ಕಲಸಿಡುವುದೆಂದರೆ ಪ್ರಾಣ. ಚಹಾ ರಫ್ತಿನ ಕಂಪನಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದ ಮೇಲೆ ಆ ಕೆಲಸವನ್ನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ. ಬಫಾತ್ ಎಂಬ ಊರಿನ ಮಸಾಲೆ ಪುಡಿ, ವಿನೆಗರ್, ಶುಂಠಿ, ಬೆಳ್ಳುಳ್ಳಿ ಹಾಕಿ ತಿಕ್ಕಿ, ಚೀಲಗಳಿಗೆ ತುಂಬಿ, ಒಂದರ ಮೇಲೊಂದು ಕೂರಲಿ ಎಂದು ಪ್ರತಿ ಚೀಲವನ್ನೂ ಅಂಗೈಯಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಫ್ರೀಜರಿನಲ್ಲಿ ಗಟ್ಟಿಯಾದ ಮೇಲೂ ಚೀಲಗಳ ಮೇಲೆ ಅವರ ಬೆರಳುಗಳ ಗುಳಿ ಹಾಗೇ ಇರುತ್ತಿತ್ತು.

ಹಾಗೆ ಕಲಸಿಟ್ಟ ಒಂದು ಶನಿವಾರದ ಮಾರನೆಯ ಬೆಳಗ್ಗೆ ಕಾಜಿಟನ್ ಬಚ್ಚಲಮನೆಯ ಬಾಗಿಲಲ್ಲಿ ಕುಸಿದು ಕೂತವರು ಏಳಲಿಲ್ಲ. ಊರಿನ ಇಗರ್ಜಿಯ ಮಣ್ಣಿನಲ್ಲೇ ಮಲಗಬೇಕೆಂಬುದು ಅವರ ಆಸೆಯಾಗಿತ್ತು. ಇನೆಜ್ ಬಾಯಿ, ಮಗಳು ಅಲಿಶಾ, ನೈರೋಬಿಯಲ್ಲೇ ಬೇರೆ ಮನೆ ಮಾಡಿದ್ದ ಮೈದುನ ಮೆಲ್ವಿನ್ ಮೂವರೂ ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟಿಗೆ ಬೀಗ ಹಾಕಿ ಶವದ ಜೊತೆ ಊರಿಗೆ ಹೊರಟರು. ಅಂತ್ಯಕ್ರಿಯೆಯಲ್ಲಿ ಇನೆಜ್ ಬಾಯಿಯ ಕಣ್ಣಿಂದ ಒಂದು ಹನಿಯೂ ಉದುರಲಿಲ್ಲ. ಗಟ್ಟಿ ಹೆಂಗಸು ಎಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ. ಊಟ ಕೊಟ್ಟರೆ ಉಂಡರು, ಮಲಗು ಎಂದರೆ ಮಲಗಿದರು, ಉಪ್ಪು ಖಾರ ಯಾವುದೂ ನಾಲಿಗೆಗೆ ಹತ್ತಲಿಲ್ಲ. ಒಂದೇ ಒಂದು ಯೋಚನೆ ಮಾತ್ರ ಕಚ್ಚಿಕೊಂಡು ಕೂತಿತ್ತು. ತೀರಿಕೊಂಡು ತಿಂಗಳಾದಾಗಿನ ಬಲಿಪೂಜೆಯನ್ನು ನೈರೋಬಿಯ ಇಗರ್ಜಿಯಲ್ಲಿ ಮಾಡಿಸಿ, ಅವತ್ತಿನ ಊಟಕ್ಕೆ ಅವರು ಕಲಸಿಟ್ಟದ್ದನ್ನೇ ಬಡಿಸಬೇಕು. ಕಾಜಿಟನ್ ಕೈಯದ್ದು ಅಂತ ಈ ಲೋಕದಲ್ಲಿ ಉಳಿದಿರುವುದು ಅದೊಂದೇ.

ನೈರೋಬಿಗೆ ವಾಪಸು ಬಂದಾಗ ಗೇಟಿನಲ್ಲಿ ಕಾವಲಿಗಿದ್ದ ಅಸ್ಕರಿ ಎದ್ದು ನಿಂತು, "ಪೋಲೆ ಸಾನಾ, ಮಾಮಾ" ಎಂದ, ತುಂಬ ಬೇಸರವಾಯಿತಮ್ಮ ಎಂದು ಅವನ ಭಾಷೆಯಲ್ಲಿ ದುಃಖ ಹೇಳುತ್ತ. ಆಮೇಲೆ, ಒಳ್ಳೆಯ ಸುದ್ದಿ ಎಂಬಂತೆ, ಮನೆಗೆ ಸ್ಟಿಮಾ ಮತ್ತೆ ಬಂದಿದೆ ಎಂದ. ಸ್ಟಿಮಾ ಎಂದರೆ ಕರೆಂಟು. ಇನೆಜ್ ಬಾಯಿ ತಿರುಗಿ ಮಗಳ ಮುಖ ನೋಡಿದರು.

"ಟೋಕನ್ ಮುಗಿದಿತ್ತು ಮಮ್ಮಿ" ಎಂದಳು ಅಲಿಶಾ. "ಡ್ಯಾಡಿ ಯೂಸ್ಡ್ ಟು ಡೂ ಇಟ್, ನೋ? ಡೋರ್ ಲೈಟ್ ಈಸ್ ಆಫ್ ಅಂತ ಅಸ್ಕರಿ ಮೆಸೇಜ್ ಮಾಡಿದ. ಸೋ ಐ ಬಾಟ್ ಇಟ್ ಫ್ರಮ್ ದೇರ್. ನೀವು ಕತ್ತಲೆ ಮನೆಗೆ ಬರೋದು ಬೇಡ ಅಂತ."

ಅಲ್ಲಿ ಕರೆಂಟಿಗೆ ಮೊದಲೇ ದುಡ್ಡು ಕಟ್ಟಿ, ಫೋನಿಗೆ ಬಂದ ಸಂಖ್ಯೆಯನ್ನು ಮೀಟರಿಗೆ ಒತ್ತಬೇಕು. ಮುಗಿದರೆ ದೀಪ ಆರಿತು. ಕೆಳಗಿನ ಮೀಟರಿಗೆ ಸಂಖ್ಯೆ ಒತ್ತಿದ್ದು ಅಸ್ಕರಿಯೇ. ಆದರೆ ದೀಪ ಆರಿದ್ದು ಯಾವತ್ತು ಎಂದು ಕೇಳಿದರೆ ಅವನೂ ತಲೆ ಕೆರೆದುಕೊಂಡ. ಕೆಲವು ದಿನ ಆಗಿರಬಹುದು ಎಂದ.

ಬಾಯಿ ಚಪ್ಪಲಿಯನ್ನೂ ಬಿಡದೆ ಹೋಗಿ ಫ್ರೀಜರಿನ ಮುಚ್ಚಳ ಎತ್ತಿದರು.

"ಸೀ, ಮಮ್ಮಿ? ರಾಕ್ ಸಾಲಿಡ್" ಎಂದಳು ಅಲಿಶಾ, ಸಮಾಧಾನದಿಂದ.

ಕಲ್ಲಿನಷ್ಟು ಗಟ್ಟಿಯಾಗಿತ್ತು, ನಿಜ. ಆದರೆ ಚಪ್ಪಟೆಯಾಗಿದ್ದ ಚೀಲಗಳು ಜೋತು ಬಿದ್ದು, ಫ್ರೀಜರಿನೊಳಗಿನ ತಂತಿಬುಟ್ಟಿಯ ಸರಳುಗಳ ನಡುವೆ ಇಳಿದು, ಒಂದಕ್ಕೊಂದು ಅಂಟಿ ಒಂದೇ ಉಂಡೆಯಾಗಿದ್ದವು. ತಳದಲ್ಲಿ ಕೆಂಪು ನೀರು ಹರಿದು ಹಾಗೇ ಐಸಾಗಿತ್ತು. ಚೀಲಗಳ ಮೇಲೆ ಎಲ್ಲೂ ಬೆರಳಿನ ಗುಳಿ ಇರಲಿಲ್ಲ. ಇನೆಜ್ ಬಾಯಿಗೆ ನೋಡಿದ ಕೂಡಲೇ ತಿಳಿಯಿತು. ಪೂರ್ತಿ ಕರಗಿ, ಹಾಗೇ ಕೂತು, ಆಮೇಲೆ ಮತ್ತೆ ಹೆಪ್ಪುಗಟ್ಟಿದ ಮಾಂಸ ಅದು. ಮುಚ್ಚಳ ಹಾಕಿದರು. ಬಿಸಾಡಲಿಲ್ಲ.

ಬೇರೆ ಯಾರ ಮನೆಯದ್ದಾಗಿದ್ದರೂ ಫೋನಿನಲ್ಲೇ ತೀರ್ಪು ಕೊಟ್ಟು ಮುಗಿಸುತ್ತಿದ್ದರು. ಈಗ ದಿನಕ್ಕೆ ಎಷ್ಟೋ ಸಲ ಮುಚ್ಚಳ ಎತ್ತಿ ನೋಡುವುದು, ಹಾಕುವುದು. ನಡುವಿನ ಚೀಲ ತಣ್ಣಗೇ ಇದ್ದಿರಬಹುದಲ್ಲ? ಕರಗಿ ಸ್ವಲ್ಪ ಹೊತ್ತಿಗೇ ಕರೆಂಟು ಬಂದಿರಬಹುದಲ್ಲ? ಬೇರೆಯವರು ಹೀಗೆ ಕೇಳಿದಾಗ ಎಷ್ಟು ಬೈದಿದ್ದರೋ, ಈಗ ತಾವೇ ತಮ್ಮನ್ನು ಹಾಗೆ ಕೇಳಿಕೊಳ್ಳುತ್ತಿದ್ದರು.

ಪೂಜೆಗೆ ಇನ್ನು ಸ್ವಲ್ಪವೇ ದಿನವಿದೆ ಎನ್ನುವಾಗ ಮೆಲ್ವಿನ್ ಬಂದ. ವಿಷಯ ಕೇಳಿ ಅವನಿಗೆ ಚಿಂತೆಯೇ ಆಗಲಿಲ್ಲ.

"ವಿನೆಗರ್ ಉಂಟಲ್ಲ ವೊನ್ನಿ, ಇನ್ನೆಂತ ಹೆದರಿಕೆ?" ಎಂದ. ಅತ್ತಿಗೆಯನ್ನು ಅವನು ಕರೆಯುವುದೇ ಹಾಗೆ. "ನಮ್ಮ ಅಜ್ಜಿ ಫ್ರಿಜ್ಜೇ ಇಲ್ಲದೆ ವಾರಗಟ್ಟಲೆ ಮಡಕೆಯಲ್ಲಿ ಇಡ್ತಿರಲಿಲ್ಲವಾ? ತಿಂದು ನಾವೆಲ್ಲ ಬದುಕಿದ್ದೇವಲ್ಲ?"

"ಅಜ್ಜಿ ಇಡ್ತಿದ್ದದ್ದು ಬೇಯಿಸಿದ್ದು ಮಾರಾಯ. ಅದನ್ನೂ ದಿನಾ ಕುದಿಸ್ತಿದ್ದರು. ಇದು ಹಸಿ. ನಾಲ್ಕು ಚಮಚ ವಿನೆಗರ್ ಹಾಕಿದ್ದಕ್ಕೆ ಉಪ್ಪಿನಕಾಯಿ ಆಗ್ತದಾ?"

"ಚೆನ್ನಾಗಿ ಬೇಯಿಸಿದರಾಯ್ತು."

"ಬೇಯಿಸಿದರೆ ಹುಳ ಸಾಯ್ತದೆ. ಅದು ಬಿಟ್ಟ ವಿಷ ಎಲ್ಲಿಗೆ ಹೋಗ್ತದೆ?"

"ಒಮ್ಮೆ ಮೂಸಿಯಾದರೂ ನೋಡಿ ವೊನ್ನಿ. ಅಣ್ಣ ಮಾಡಿದ್ದು."

ಮಾಂಸವನ್ನು ಮೂಗಿನಿಂದ ಅಳೆಯಬಾರದು ಎಂದು ಊರಿಗೆಲ್ಲ ಹೇಳಿದ ಇನೆಜ್ ಬಾಯಿ ಅವತ್ತು ಚೀಲವೊಂದರ ಬಾಯಿ ಕತ್ತರಿಸಿ ಮೂಗಿಗೆ ಹಿಡಿದರು. ಏನೂ ಬರಲಿಲ್ಲ. ಒಳ್ಳೆಯ ವಾಸನೆಯೂ ಇಲ್ಲ, ಕೆಟ್ಟ ವಾಸನೆಯೂ ಇಲ್ಲ. ಮೆಲ್ವಿನ್ ಬಗ್ಗಿ ಮೂಸಿದವನು ಕಣ್ಣು ಒರೆಸಿಕೊಂಡ. "ಅಣ್ಣನ ಬಫಾತೇ" ಎಂದ. ಲವಂಗ, ವಿನೆಗರುಗಳ ಘಾಟಿನ ಕೆಳಗೆ ಏನು ಕೊಳೆಯುತ್ತಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಾಯಿ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಗಲಿ ಅಂತಲೇ ಅರ್ಥ ಮಾಡಿಕೊಂಡು ಮೆಲ್ವಿನ್ ಖುಷಿಯಿಂದ ಮನೆಗೆ ಹೋದ.

ಪೂಜೆಯ ಹಿಂದಿನ ದಿನ ಬೆಳಗ್ಗೆ ಇನೆಜ್ ಬಾಯಿ ಫ್ರೀಜರಿನ ವಯರು ಕಿತ್ತರು. ಉಂಡೆಯನ್ನು ಬಿಡಿಸಿ ದಪ್ಪ ಕಸದ ಚೀಲಕ್ಕೆ ತುಂಬಿದರು. "ಲೆಟ್ ಮೀ, ಮಮ್ಮಿ" ಎಂದು ಅಲಿಶಾ ಕೈ ಹಾಕಲು ಬಂದರೆ ಬಿಡಲಿಲ್ಲ. ತಾವೇ ಹೊತ್ತು ಮೆಟ್ಟಿಲಿಳಿದು ಕಸದ ಡಬ್ಬಿಗೆ ಹಾಕಿ ಮುಚ್ಚಿದರು. ಅಳು ಬರಬಹುದು ಎಂದುಕೊಂಡಿದ್ದರು. ಬೆರಳುಗಳು ಜೋಮು ಹಿಡಿದವು, ಅಷ್ಟೇ. ನೆಟ್ಟಗೆ ಕಿಲಿಮಾನಿಯ ಮಾಂಸದಂಗಡಿಗೆ ಹೋಗಿ ಹೊಸ ಮಾಂಸ ತಂದರು. ಡಬ್ಬಿಯಲ್ಲಿದ್ದ ಪುಡಿಯನ್ನೇ ಹಾಕಿ, ಗಂಡ ತಿಕ್ಕುತ್ತಿದ್ದ ಹಾಗೆಯೇ ತಿಕ್ಕಿದರು. ಯಾರಿಗೂ ಹೇಳುವುದು ಬೇಡ ಎಂದು ಮಗಳಿಗೆ ತಾಕೀತು ಮಾಡಿದರು. ಅವರ ಕೈಯದ್ದೇ ಅಂದುಕೊಂಡು ನಾಲ್ಕು ಜನ ಉಂಡರೆ ಯಾರ ಗಂಟೇನು ಹೋಗುತ್ತದೆ?

ಮರುದಿನ ಪೂಜೆ ಮುಗಿಸಿ ಬಂದವರಿಂದ ಮನೆ ತುಂಬಿತು. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸನ್ನ, ಬಫಾತ್ ಬಡಿಸಿದ್ದಾಯಿತು. ಮೆಲ್ವಿನ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡ.

"ಇದೇ ಇದೇ" ಎಂದ. "ಈ ರುಚಿ ಅಣ್ಣನಿಗಲ್ಲದೆ ಬೇರೆ ಯಾರಿಗೆ ಬರ್ತದೆ? ಕರಗಿ ಮತ್ತೆ ಗಟ್ಟಿಯಾದ ಮಾಂಸ ಇದು, ಗೊತ್ತುಂಟಾ ನಿಮಗೆ? ಏನಾಯಿತು? ಏನೂ ಆಗಲಿಲ್ಲ. ಎಲ್ಲ ವಿನೆಗರಿನ ಮಹಿಮೆ."

"ಹೌದಾ ಬಾಯಿ?" ಲವೀನಾ ತಟ್ಟೆ ಹಿಡಿದುಕೊಂಡೇ ಕೇಳಿದಳು. "ಹಾಗಾದರೆ ಇಷ್ಟು ವರ್ಷ ನಾವು ಬಿಸಾಡಿದ್ದೆಲ್ಲ ಸುಮ್ಮನೆಯಾ?"

"ಸುಮ್ಮನೆ ಅಲ್ಲದೆ?" ಎಂದು ಮೆಲ್ವಿನ್ ನಕ್ಕ. "ನನ್ನ ಫ್ರೀಜರಲ್ಲಿಯೂ ಕಲಸಿದ್ದು ಉಂಟು. ಮೊನ್ನೆ ಕರೆಂಟು ಹೋಗಿ ಪೂರ್ತಿ ಮೆತ್ತಗಾಗಿತ್ತು. ನಾಳೆ ಮಕ್ಕಳಿಗೆ ಅದನ್ನೇ ಬೇಯಿಸ್ತೇನೆ."

ಇನೆಜ್ ಬಾಯಿ ಸೌಟು ಹಿಡಿದು ನಿಂತಿದ್ದರು. ಸುಮ್ಮನಿದ್ದಿದ್ದರೆ ಆ ಮಧ್ಯಾಹ್ನದ ಮಟ್ಟಿಗಾದರೂ ಕಾಜಿಟನ್ ಎಲ್ಲರ ತಟ್ಟೆಯಲ್ಲಿ ಇರುತ್ತಿದ್ದರು. ಅದನ್ನೇ ಅಲ್ಲವೇ ತಾವು ಬಯಸಿದ್ದು?

"ಇದು ಅವರದ್ದಲ್ಲ ಮೆಲ್ವಿನ್" ಎಂದರು. "ನಿನ್ನೆ ನಾನು ಅಂಗಡಿಯಿಂದ ತಂದದ್ದು. ನಿನ್ನ ಮನೆಯದ್ದನ್ನು ಮಕ್ಕಳಿಗೆ ಕೊಡಬೇಡ. ಬಿಸಾಡು."

ಮೆಲ್ವಿನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ಮತ್ತೆ ಅಣ್ಣನದ್ದು?"

"ಬಿಸಾಡಿದೆ."

"ಎಲ್ಲಾನಾ ವೊನ್ನಿ?"

"ಎಲ್ಲಾ. ಅವರದ್ದು ಏನೂ ಇಲ್ಲ ಈಗ."

ಮೆಲ್ವಿನ್ ತಟ್ಟೆಯಲ್ಲಿದ್ದ ತುಂಡನ್ನು ಬೆರಳಿನಿಂದ ತಿರುಗಿಸಿ ನೋಡಿದ. ಆಮೇಲೆ, ಯಾರಲ್ಲೋ ಕ್ಷಮೆ ಕೇಳುವ ದನಿಯಲ್ಲಿ, "ನನಗೆ ಗೊತ್ತೇ ಆಗಲಿಲ್ಲವಲ್ಲ" ಎಂದ.

ಇನೆಜ್ ಬಾಯಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ, ಅಷ್ಟೂ ಜನರ ಎದುರು, ಗೋಳೋ ಎಂದು ಅತ್ತುಬಿಟ್ಟರು.